ಥಿಯೇಟರ್‌ನಲ್ಲಿ ಫೇಲ್, ಟಿವಿಯಲ್ಲಿ ಫಸ್ಟ್ ರ‍್ಯಾಂಕ್!

ಎಸ್ಸೆಸ್ಸೆಲ್ಸಿ ಮುಗಿದರೆ ಪರ್ಸೆಂಟೇಜ್, ಪಿಯುಸಿ ಮುಗಿದರೆ ಸಿಇಟಿ ರ‍್ಯಾಂಕ್, ಬಿ.ಇ.ಗೆ ಬಂದರೆ ಸಿಜಿಪಿಎ, ಕೊನೆಗೆ ಕ್ಯಾಂಪಸ್ ಸೆಲೆಕ್ಷನ್ನಿನ ಶಾರ್ಟ್‌ಲಿಸ್ಟ್. ನಮ್ಮ ವಯಸ್ಸಿನವರ ಬದುಕು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಹಾರುವುದರಲ್ಲೇ ಕಳೆದುಹೋಗುತ್ತದೆ. ಹೆಸರಿದ್ದರೆ ಮನೆಯಲ್ಲಿ ಪಾಯಸ, ಇಲ್ಲದಿದ್ದರೆ ಮೌನ.

ಹೆಸರು ಇರದಿದ್ದರೇ ಚೆನ್ನಾಗಿತ್ತು ಎನ್ನಿಸುವ ಪಟ್ಟಿಗಳೂ ಇವೆ. 1938ರ ಮೇ ತಿಂಗಳಲ್ಲಿ ಅಮೆರಿಕದ ಚಿತ್ರಮಂದಿರ ಮಾಲೀಕರ ಸಂಘವೊಂದು ಚಿತ್ರೋದ್ಯಮದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಈ ನಟ ನಟಿಯರಿಗೆ ಭಾರಿ ಸಂಬಳ ಕೊಡುತ್ತಿದ್ದೀರಿ, ಆದರೆ ಇವರ ಮುಖ ನೋಡಲು ಜನ ಟಿಕೆಟ್ ಕೊಳ್ಳುತ್ತಿಲ್ಲ, ಇವರು ಬಾಕ್ಸ್ ಆಫೀಸಿಗೆ ವಿಷ ಎಂಬುದು ಅದರ ಸಾರಾಂಶ. ಗ್ರೇಟಾ ಗಾರ್ಬೊ, ಜೋನ್ ಕ್ರಾಫರ್ಡ್, ಮಾರ್ಲೀನ್ ಡೀಟ್ರಿಚ್ ಅವರಂಥ ದೊಡ್ಡ ಹೆಸರುಗಳ ಜೊತೆ ಅಲ್ಲಿ ಕ್ಯಾಥರಿನ್ ಹೆಪ್‌ಬರ್ನ್ ಹೆಸರೂ ಇತ್ತು. ಆಗಿನ್ನೂ ಅವರಿಗೆ ಮೂವತ್ತರ ಆಸುಪಾಸು. 'ಮಾರ್ನಿಂಗ್ ಗ್ಲೋರಿ' (1933) ಚಿತ್ರಕ್ಕೆ ಅದಾಗಲೇ ಒಂದು ಆಸ್ಕರ್ ಬಂದಿತ್ತು.

ಹೆಪ್‌ಬರ್ನ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಆಡ್ರೆ ನೆನಪಾಗುತ್ತಾರೆ. ನಾನು ಹೇಳುತ್ತಿರುವುದು ಇನ್ನೊಬ್ಬರ ಬಗ್ಗೆ. 1907ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಹುಟ್ಟಿದವರು ಕ್ಯಾಥರಿನ್. ನಟಿಯರು ಪ್ಯಾಂಟ್ ತೊಟ್ಟು ಓಡಾಡುವುದೇ ಸುದ್ದಿಯಾಗುತ್ತಿದ್ದ ಕಾಲದಲ್ಲಿ ಪ್ಯಾಂಟ್ ತೊಟ್ಟವರು. ಶ್ರೇಷ್ಠ ನಟಿಗೆ ಕೊಡುವ ಆಸ್ಕರ್ ಪ್ರಶಸ್ತಿಯನ್ನು ನಾಲ್ಕು ಬಾರಿ ಗೆದ್ದ ಒಬ್ಬರೇ ಒಬ್ಬರು. ಅದನ್ನು ತೆಗೆದುಕೊಳ್ಳಲು ಒಮ್ಮೆಯೂ ವೇದಿಕೆಗೆ ಹೋಗಲಿಲ್ಲ!

ಇವರ ಏಳು ಚಿತ್ರಗಳಿಗೆ ನಾನೂ ರ‍್ಯಾಂಕ್ ಕೊಟ್ಟಿದ್ದೇನೆ. ಇದು ವಿಮರ್ಶಕರ ಪಟ್ಟಿಯಲ್ಲ, ಮನೆಯಲ್ಲಿ ಟಿವಿ ಮುಂದೆ ಕೂತು ನೋಡುವವರ ಪಟ್ಟಿ. ಲೈಟ್ ಉರಿಯುತ್ತಿರುತ್ತದೆ, ಕುಕ್ಕರ್ ಕೂಗುತ್ತದೆ, ಮಧ್ಯೆ ಜಾಹೀರಾತು ಬರುತ್ತದೆ, ರಿಮೋಟ್ ಕೈಯಲ್ಲೇ ಇರುತ್ತದೆ. ಇಷ್ಟೆಲ್ಲದರ ನಡುವೆಯೂ ಎದ್ದುಹೋಗದಂತೆ ಕೂರಿಸುತ್ತದೆಯೇ, ಸಬ್‌ಟೈಟಲ್ ನೆಚ್ಚಿಕೊಂಡರೂ ಅರ್ಥವಾಗುತ್ತದೆಯೇ, ಮನೆಮಂದಿ ಒಟ್ಟಿಗೆ ನೋಡಬಹುದೇ, ಎರಡನೇ ಸಲ ಬಂದರೂ ಚಾನೆಲ್ ಬದಲಿಸದೆ ಇರುತ್ತೇವೆಯೇ? ಈ ನಾಲ್ಕಕ್ಕೆ ಮಾತ್ರ ಮಾರ್ಕ್ಸ್. ಕೊನೆಯಿಂದ ಶುರು ಮಾಡೋಣ.

7. ದಿ ಲಯನ್ ಇನ್ ವಿಂಟರ್ (1968)

ವರ್ಷ 1183, ಕ್ರಿಸ್‌ಮಸ್ ಸಮಯ. ಸೆರೆಯಲ್ಲಿಟ್ಟಿದ್ದ ಹೆಂಡತಿ ಎಲೆನೋರ್‌ಳನ್ನು ದೊರೆ ಎರಡನೇ ಹೆನ್ರಿ ಹಬ್ಬಕ್ಕೆಂದು ಕರೆಸಿಕೊಳ್ಳುತ್ತಾನೆ. ಮೂವರು ಗಂಡುಮಕ್ಕಳಲ್ಲಿ ಪಟ್ಟ ಯಾರಿಗೆ ಎಂಬುದೇ ಜಗಳ. ಹೆಪ್‌ಬರ್ನ್‌ಗೆ ಮೂರನೇ ಆಸ್ಕರ್ ತಂದ ಚಿತ್ರವಿದು. ಆ ವರ್ಷ ಪ್ರಶಸ್ತಿ ಬಾರ್ಬ್ರಾ ಸ್ಟ್ರೈಸಂಡ್ ಜೊತೆ ಸಮನಾಗಿ ಹಂಚಿಕೆಯಾಯಿತು. ಆಂಥನಿ ಹಾಪ್ಕಿನ್ಸ್ ಇಲ್ಲಿ ಇನ್ನೂ ಹೊಸ ಹುಡುಗ. ಇಷ್ಟಿದ್ದರೂ ಕೊನೆಯ ಸ್ಥಾನ ಏಕೆ? ಪ್ರತಿ ಮಾತಿನ ಹಿಂದೆ ಇನ್ನೊಂದು ಸಂಚು ಇರುತ್ತದೆ. ಒಂದು ಜಾಹೀರಾತು ಮುಗಿಸಿ ಬರುವಷ್ಟರಲ್ಲಿ ಯಾರು ಯಾರ ಕಡೆ ಎಂಬುದೇ ಮರೆತುಹೋಗುತ್ತದೆ. ಪರೀಕ್ಷೆ ಮುಗಿದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ನೋಡಿ.

6. ಆನ್ ಗೋಲ್ಡನ್ ಪಾಂಡ್ (1981)

ಕೆರೆ ದಂಡೆಯ ಮನೆಗೆ ಬೇಸಿಗೆ ಕಳೆಯಲು ಬರುವ ಮುದಿ ದಂಪತಿ. ಗಂಡನಿಗೆ ಮರೆವು ಶುರುವಾಗಿದೆ, ಅದು ಹೆಂಡತಿಗೆ ಗೊತ್ತಾಗಿದೆ, ಗೊತ್ತಾಗಿದೆಯೆಂದು ತೋರಿಸಿಕೊಳ್ಳುವುದಿಲ್ಲ. ಹೆನ್ರಿ ಫೋಂಡಾ ಗಂಡ, ಅವರ ನಿಜವಾದ ಮಗಳು ಜೇನ್ ಫೋಂಡಾ ಇಲ್ಲೂ ಮಗಳು. ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತಿಗಾಗಿ ವರ್ಷಗಟ್ಟಲೆ ಕಾದ ಮಗಳು. ಹೆಪ್‌ಬರ್ನ್‌ಗೆ ಇಲ್ಲಿ ನಾಲ್ಕನೇ ಆಸ್ಕರ್. ಅಜ್ಜ ಅಜ್ಜಿ ಜೊತೆ ನೋಡುವ ಚಿತ್ರ. ನಿಧಾನ ಎನ್ನುವುದೊಂದೇ ದೂರು.

5. ದಿ ಕಾರ್ನ್ ಈಸ್ ಗ್ರೀನ್ (1979)

ಇದು ಟಿವಿಗೆಂದೇ ಮಾಡಿದ ಚಿತ್ರ. ದೊಡ್ಡ ತಾರೆಯರು ಕಿರುತೆರೆಗೆ ಬರಲು ಮೂಗು ಮುರಿಯುತ್ತಿದ್ದ ದಿನಗಳಲ್ಲಿ ಹೆಪ್‌ಬರ್ನ್ ಖುಷಿಯಿಂದ ಬಂದರು. 1975ರ 'ಲವ್ ಅಮಂಗ್ ದಿ ರೂಯಿನ್ಸ್' ಎಂಬ ಟಿವಿ ಚಿತ್ರಕ್ಕೆ ಅವರಿಗೆ ಎಮ್ಮಿ ಪ್ರಶಸ್ತಿಯೂ ಸಿಕ್ಕಿತು. 1932ರಲ್ಲಿ ಅವರ ಮೊದಲ ಸಿನಿಮಾ ನಿರ್ದೇಶಿಸಿದ್ದ ಜಾರ್ಜ್ ಕ್ಯೂಕರ್ ಅವರೇ ಈ ಎರಡಕ್ಕೂ ನಿರ್ದೇಶಕರು. ವೇಲ್ಸ್‌ನ ಗಣಿ ಊರಿಗೆ ಬರುವ ಟೀಚರ್ ಒಬ್ಬರು ಕಲ್ಲಿದ್ದಲು ಅಗೆಯುವ ಹುಡುಗನೊಬ್ಬನನ್ನು ಆಕ್ಸ್‌ಫರ್ಡ್ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಕಥೆ. ಹಳ್ಳಿ ಶಾಲೆಯಲ್ಲಿ ಕಲಿತು ಬಂದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಟೀಚರ್‌ಗೆ ಹುಡುಗನ ಮೇಲೆ ಪ್ರೀತಿಯಿದೆ, ಆದರೆ ತನ್ನ ಹಟದಲ್ಲಿ ಅವನ ಮನಸ್ಸು ನೋಡುವುದನ್ನೇ ಮರೆಯುತ್ತಾರೆ. ಕೋಚಿಂಗ್ ಕ್ಲಾಸಿಗೆ ಸೇರಿಸುವ ಮುನ್ನ ಅಪ್ಪ ಅಮ್ಮಂದಿರಿಗೂ ತೋರಿಸಬಹುದು.

4. ದಿ ಆಫ್ರಿಕನ್ ಕ್ವೀನ್ (1951)

ಮೊದಲ ಮಹಾಯುದ್ಧ ಶುರುವಾದ ಹೊತ್ತು, ಪೂರ್ವ ಆಫ್ರಿಕಾ. ಕಟ್ಟುನಿಟ್ಟಿನ ಮಿಷನರಿ ಹೆಂಗಸು ಮತ್ತು ಕುಡುಕ ದೋಣಿಯವ ಒಂದು ಹಳೇ ಉಗಿ ದೋಣಿಯಲ್ಲಿ ಜರ್ಮನ್ ಹಡಗನ್ನು ಮುಳುಗಿಸಲು ಹೊರಡುತ್ತಾರೆ. ನಿರ್ದೇಶಕ ಜಾನ್ ಹ್ಯೂಸ್ಟನ್ ತಂಡವನ್ನು ಕಾಂಗೋ ಮತ್ತು ಉಗಾಂಡಕ್ಕೇ ಕರೆದೊಯ್ದರು. ನೀರು ಕುಡಿದ ಹೆಪ್‌ಬರ್ನ್ ಹೊಟ್ಟೆ ಕೆಟ್ಟು ನರಳಿದರು. ವಿಸ್ಕಿಯನ್ನೇ ನಂಬಿಕೊಂಡ ಹ್ಯೂಸ್ಟನ್ ಮತ್ತು ಹಂಫ್ರಿ ಬೊಗಾರ್ಟ್ ಗಟ್ಟಿಮುಟ್ಟಾಗಿದ್ದರು ಎಂಬುದು ಹಾಲಿವುಡ್‌ನಲ್ಲಿ ಪ್ರಸಿದ್ಧ ಕಥೆ. ಬೊಗಾರ್ಟ್‌ಗೆ ಜೀವಮಾನದಲ್ಲಿ ಸಿಕ್ಕ ಒಂದೇ ಆಸ್ಕರ್ ಇದರಿಂದ. ಮೆಕ್ಯಾನಿಕಲ್ ಬ್ರಾಂಚಿನವರು ಗಮನಿಸಿ: ಬಾಗಿದ ಪ್ರೊಪೆಲ್ಲರ್ ಶಾಫ್ಟನ್ನು ನದಿ ದಡದಲ್ಲೇ ಬೆಂಕಿ ಹಾಕಿ ನೇರ ಮಾಡುವ ದೃಶ್ಯವಿದೆ, ನಮ್ಮ ವರ್ಕ್‌ಶಾಪ್ ಕ್ಲಾಸಿಗಿಂತ ಸ್ವಾರಸ್ಯ! ಕಥೆಯ ಬಹುಪಾಲು ಇಬ್ಬರದೇ ಮಾತು, ಹಾಗಾಗಿ ಟಿವಿಗೆ ಒಗ್ಗುತ್ತದೆ. ನದಿಯ ವಿಸ್ತಾರ ಮಾತ್ರ ಸಣ್ಣ ಪರದೆಯಲ್ಲಿ ಸೊರಗುತ್ತದೆ.

3. ಗೆಸ್ ಹೂಸ್ ಕಮಿಂಗ್ ಟು ಡಿನ್ನರ್ (1967)

ಬಿಳಿಯರ ಮನೆ ಹುಡುಗಿ ಕಪ್ಪು ವರ್ಣೀಯ ವೈದ್ಯನನ್ನು ಮದುವೆಯಾಗುತ್ತೇನೆಂದು ಮನೆಗೆ ಕರೆತರುತ್ತಾಳೆ. ಸಮಾನತೆಯ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದ ಅಪ್ಪನಿಗೆ ಈಗ ಸ್ವಂತ ಮನೆಯಲ್ಲೇ ಪರೀಕ್ಷೆ. ಚಿತ್ರ ತಯಾರಾಗುತ್ತಿದ್ದಾಗ ಅಮೆರಿಕದ 16 ರಾಜ್ಯಗಳಲ್ಲಿ ಇಂಥ ಮದುವೆ ಕಾನೂನುಬಾಹಿರವಾಗಿತ್ತು. 1967ರ ಜೂನ್ 12ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನು ರದ್ದು ಮಾಡಿತು. ಅದಕ್ಕೆ ಎರಡು ದಿನ ಮೊದಲು, ಅಪ್ಪನ ಪಾತ್ರ ಮಾಡಿದ್ದ ಸ್ಪೆನ್ಸರ್ ಟ್ರೇಸಿ ತೀರಿಕೊಂಡಿದ್ದರು. ಹೆಪ್‌ಬರ್ನ್ ಜೊತೆ ಅವರದು ಒಂಬತ್ತನೇ ಚಿತ್ರ, ಕಾಲು ಶತಮಾನದ ಒಡನಾಟ. ಟ್ರೇಸಿ ಕೊನೆಯ ದೊಡ್ಡ ಮಾತು ಆಡುವಾಗ ಹೆಪ್‌ಬರ್ನ್ ಕಣ್ಣಲ್ಲಿ ತುಂಬುವ ನೀರನ್ನು ನೋಡಿ. ಈ ಚಿತ್ರಕ್ಕೆ ಎರಡನೇ ಆಸ್ಕರ್ ಬಂತು, ಆದರೆ ಅವರು ಇದನ್ನು ನೋಡಲೇ ಇಲ್ಲ ಎಂದು ಹೇಳಿಕೊಂಡಿದ್ದಾರೆ. ಇಡೀ ಕಥೆ ಒಂದೇ ದಿನ, ಬಹುತೇಕ ಒಂದೇ ಮನೆಯಲ್ಲಿ ನಡೆಯುತ್ತದೆ. ಜಾತಿ ವಿಷಯ ಬಂದಾಗ ಟಿವಿ ವಾಲ್ಯೂಮ್ ಕಡಿಮೆಯಾಗುವ ನಮ್ಮ ಹಾಲ್‌ಗಳಲ್ಲಿ ಇದನ್ನು ಪೂರ್ತಿ ವಾಲ್ಯೂಮ್‌ನಲ್ಲೇ ನೋಡಬೇಕು.

2. ದಿ ಫಿಲಡೆಲ್ಫಿಯಾ ಸ್ಟೋರಿ (1940)

'ವಿಷ' ಎನ್ನಿಸಿಕೊಂಡ ಮೇಲೆ ಹೆಪ್‌ಬರ್ನ್ ಏನು ಮಾಡಿದರು? ಆರ್‌ಕೆಓ ಕಂಪನಿ ಕೊಟ್ಟ ಸಾಧಾರಣ ಪಾತ್ರವನ್ನು ಒಪ್ಪಲಿಲ್ಲ. ತಾವೇ ಹಣ ಕಟ್ಟಿ ಒಪ್ಪಂದದಿಂದ ಹೊರಬಂದು ರಂಗಭೂಮಿಗೆ ಮರಳಿದರು. ಫಿಲಿಪ್ ಬ್ಯಾರಿ ಅವರಿಗಾಗಿಯೇ ಬರೆದ ಈ ನಾಟಕ 1939ರಲ್ಲಿ ಬ್ರಾಡ್‌ವೇಗೆ ಬಂದು 400ಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಅದರ ಸಿನಿಮಾ ಹಕ್ಕನ್ನು ಉದ್ಯಮಿ ಹೊವಾರ್ಡ್ ಹ್ಯೂಸ್ ಅವರಿಗೆ ಕೊಡಿಸಿದ್ದರು. ಎಂಜಿಎಂ ಕಂಪನಿ ಕೇಳಿಕೊಂಡು ಬಂದಾಗ, ನಾಯಕಿ ನಾನೇ ಎಂಬ ಷರತ್ತಿನ ಮೇಲೆ ಹಕ್ಕು ಮಾರಿದರು. ಚಿತ್ರ ಗೆದ್ದಿತು, ಜೇಮ್ಸ್ ಸ್ಟೂವರ್ಟ್‌ಗೆ ಆಸ್ಕರ್ ಬಂತು, ಹೆಪ್‌ಬರ್ನ್ ಹಾಲಿವುಡ್‌ಗೆ ಮರಳಿದರು.

ಎಲ್ಲರ ಬೆನ್ನಿಗೂ ಹೊವಾರ್ಡ್ ಹ್ಯೂಸ್ ಇರುವುದಿಲ್ಲ, ಅದನ್ನು ಮರೆಯಬಾರದು. ಆದರೆ ರಾತ್ರಿ ರಾತ್ರಿಯೂ ವೇದಿಕೆ ಹತ್ತಿ ಅಭಿನಯಿಸಿದ್ದು ಅವರೇ. ಇನ್ನೊಂದು ವಿಷಯ ನನಗೆ ಈಗಲೂ ಇರಿಸುಮುರಿಸು. ಜಂಬದ ಹೆಣ್ಣೊಬ್ಬಳು ತಗ್ಗುವುದನ್ನು ನೋಡಲು ಜನ ಬಂದರು ಎಂಬ ಮಾತಿದೆ. ಮೊದಲ ದೃಶ್ಯದಲ್ಲೇ ಗಂಡ ಆಕೆಯ ಮುಖಕ್ಕೆ ಕೈಯಿಟ್ಟು ನೆಲಕ್ಕೆ ತಳ್ಳುತ್ತಾನೆ, ಅದು ತಮಾಷೆ! ಮೊದಲ ಸ್ಥಾನ ತಪ್ಪಿದ್ದು ಇದರಿಂದಲೇ.

1. ಬ್ರಿಂಗಿಂಗ್ ಅಪ್ ಬೇಬಿ (1938)

ಹೌದು, ಆ ಕುಖ್ಯಾತ ಪಟ್ಟಿ ಬರುವ ಕೆಲವೇ ವಾರಗಳ ಮುಂಚೆ ಬಿಡುಗಡೆಯಾಗಿ ಸೋತ ಸಿನಿಮಾ. ನ್ಯೂಯಾರ್ಕ್‌ನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಒಂದೇ ವಾರಕ್ಕೆ ಇದನ್ನು ಎತ್ತಂಗಡಿ ಮಾಡಿದರು. ಡೈನೊಸಾರ್ ಅಸ್ಥಿಪಂಜರಕ್ಕೆ ಕೊನೆಯ ಒಂದು ಮೂಳೆ ಸಿಕ್ಕರೆ ಸಾಕು ಎಂದು ಕಾಯುತ್ತಿರುವ ಮುಗ್ಧ ವಿಜ್ಞಾನಿ ಕ್ಯಾರಿ ಗ್ರ್ಯಾಂಟ್. ಅವನ ಬದುಕಿಗೆ ಬಿರುಗಾಳಿಯಂತೆ ನುಗ್ಗುವ ಹುಡುಗಿ ಹೆಪ್‌ಬರ್ನ್. ಅವಳ ಹತ್ತಿರ 'ಬೇಬಿ' ಎಂಬ ಸಾಕಿದ ಚಿರತೆ. ಮೂಳೆಯನ್ನು ನಾಯಿ ಕಚ್ಚಿಕೊಂಡು ಹೋಗಿ ಹೂತಿಡುತ್ತದೆ, ಸರ್ಕಸ್‌ನಿಂದ ಇನ್ನೊಂದು ಚಿರತೆ ತಪ್ಪಿಸಿಕೊಳ್ಳುತ್ತದೆ, ಕೊನೆಗೆ ಎಲ್ಲರೂ ಪೊಲೀಸ್ ಠಾಣೆಯಲ್ಲಿ! ನಿರ್ದೇಶಕ ಹೊವಾರ್ಡ್ ಹಾಕ್ಸ್ ಮಾತಿನ ಮೇಲೆ ಮಾತು ಹತ್ತಿಸುವ ವೇಗಕ್ಕೆ ಸಬ್‌ಟೈಟಲ್ ಓಡಿ ಬರಬೇಕಾಗುತ್ತದೆ. ಅದಿಲ್ಲದಿದ್ದರೂ ಚಿಂತೆಯಿಲ್ಲ. ಇಂಗ್ಲಿಷ್ ಬಾರದ ನಮ್ಮಜ್ಜಿ ಚಿರತೆಯನ್ನೂ ನಾಯಿಯನ್ನೂ ನೋಡಿಯೇ ನಕ್ಕು ಸುಸ್ತಾದರು.

ಇದನ್ನು ಎತ್ತಿ ಹಿಡಿದದ್ದು ಟಿವಿ. 1955ರ ಕೊನೆಗೆ ಆರ್‌ಕೆಓದ 700ಕ್ಕೂ ಹೆಚ್ಚು ಹಳೆಯ ಚಿತ್ರಗಳು ಟಿವಿ ಪ್ರಸಾರಕ್ಕೆ ಮಾರಾಟವಾದವು. ಥಿಯೇಟರಿನವರು ಬೇಡವೆಂದಿದ್ದನ್ನು ಮನೆಗಳಲ್ಲಿ ಜನ ನೋಡಿದರು, ನಕ್ಕರು, ಮತ್ತೆ ಬಂದಾಗ ಮತ್ತೆ ನೋಡಿದರು. 1990ರಲ್ಲಿ ಇದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹದ ಪಟ್ಟಿ ಸೇರಿತು. 1999ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹಳೆಯ ಹಾಲಿವುಡ್‌ನ ಶ್ರೇಷ್ಠ ತಾರೆಯರ ಪಟ್ಟಿ ಮಾಡಿದಾಗ ನಟಿಯರಲ್ಲಿ ಮೊದಲ ಹೆಸರು ಕ್ಯಾಥರಿನ್ ಹೆಪ್‌ಬರ್ನ್ ಅವರದು. ಅವರಿಗೆ ಆಗ 92. ನಾಲ್ಕು ವರ್ಷದ ನಂತರ, 2003ರ ಜೂನ್ 29ರಂದು ತೀರಿಕೊಂಡರು.

ಸೋತಾಗಲೂ ಗೆದ್ದಾಗಲೂ ಚಿತ್ರದ ರೀಲು ಅದೇ. ಒಂದು ದೃಶ್ಯ ಕೂಡ ಬದಲಾಗಿರಲಿಲ್ಲ. ಬದಲಾದದ್ದು ನೋಡುವ ಜಾಗ ಮತ್ತು ನೋಡುವ ಜನ. ಚಿತ್ರಮಂದಿರದವರ ಪಟ್ಟಿ ಸುಳ್ಳೇನಲ್ಲ, ಆ ವರ್ಷದ ಟಿಕೆಟ್ ಲೆಕ್ಕ ನಿಜವೇ ಇರಬಹುದು. ಆದರೆ ಅದು ಟಿಕೆಟ್ಟಿನ ಲೆಕ್ಕವಷ್ಟೇ, ನಟಿಯ ಲೆಕ್ಕವಲ್ಲ. ಈ ಬಾರಿ ಶಾರ್ಟ್‌ಲಿಸ್ಟ್‌ನಲ್ಲಿ ಹೆಸರು ಕಾಣದವರು ಇಷ್ಟನ್ನು ನೆನಪಿಟ್ಟುಕೊಂಡು, ರೆಸ್ಯೂಮೆ ತಿದ್ದುವ ಮುಂಚೆ ಒಂದೂಮುಕ್ಕಾಲು ಗಂಟೆ ಚಿರತೆಯ ಹಿಂದೆ ಓಡಿ ಬರಬಹುದು.

ಅಂದಹಾಗೆ, ನನ್ನ ಪಟ್ಟಿಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. 'ಆಫ್ರಿಕನ್ ಕ್ವೀನ್'ಗೆ ನಾಲ್ಕನೇ ಸ್ಥಾನ ಕೊಟ್ಟಿದ್ದಕ್ಕೆ ಅಪ್ಪನ ತಕರಾರು ಇನ್ನೂ ಮುಗಿದಿಲ್ಲ. ರೀವ್ಯಾಲ್ಯುಯೇಷನ್‌ಗೆ ಅರ್ಜಿ ಹಾಕಿದ್ದಾರೆ.