ತಾಂಡಾದ ಮಗುವಿಗೆ ಯಾವ ಮಾಧ್ಯಮ?

ಕೊಪ್ಪಳ: ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಸೀಮೆಯು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಂದು ಆಡಳಿತದಲ್ಲೂ ಉನ್ನತ ಶಿಕ್ಷಣದಲ್ಲೂ ಉರ್ದುವಿಗೇ ಅಗ್ರಸ್ಥಾನ. ಹೀಗಾಗಿ ಮನೆಮಾತು ಬಿಟ್ಟು ಕಲಿಯುವ ಕಷ್ಟ ಇಲ್ಲಿನ ಕನ್ನಡಿಗರಿಗೆ ಅಪರಿಚಿತವಲ್ಲ. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುವ 350ಎ ವಿಧಿಯು ಸಂವಿಧಾನದಲ್ಲಿ ಸೇರ್ಪಡೆಯಾದದ್ದೂ ಅದೇ ವರ್ಷ.

ಇಂದು ಅಂತಹ ಮಕ್ಕಳು ಯಾರು?
ಪಟ್ಟಣಗಳ ಉರ್ದು ಭಾಷಿಕರು, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನೆಚ್ಚಿ ಆಂಧ್ರದಿಂದ ಬಂದು ಗಂಗಾವತಿ ಸುತ್ತಲಿನ ಕ್ಯಾಂಪ್‌ಗಳಲ್ಲಿ ನೆಲೆಸಿದ ತೆಲುಗರು ಹಾಗೂ ತಾಂಡಾಗಳ ಲಂಬಾಣಿಗರ ಮಕ್ಕಳು. ಉರ್ದುವಿಗೆ ಸರ್ಕಾರಿ ಶಾಲೆಗಳಿವೆ. ಲಂಬಾಣಿಯಾದರೋ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿಲ್ಲ. ಅದಕ್ಕೆ ಸ್ವಂತ ಲಿಪಿಯೂ ರೂಢಿಯಲ್ಲಿಲ್ಲ. ಆದ್ದರಿಂದ ತಾಂಡಾದ ಮಗು ಮೊದಲ ಪಾಠವನ್ನೇ ಪರಭಾಷೆಯಲ್ಲಿ ಕಲಿಯುತ್ತದೆ.

ನ್ಯಾಯಾಲಯ ಹೇಳಿದ್ದೇನು?
ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಿದ 1994ರ ಸರ್ಕಾರಿ ಆದೇಶದ ವಿವಾದದಲ್ಲಿ, ಮಗುವಿನ ಮಾತೃಭಾಷೆ ಯಾವುದೆಂದು ಪೋಷಕರೇ ನಿರ್ಧರಿಸಬೇಕು, ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪಿತ್ತಿತು. ಶಾಲೆ ಆರಿಸಿಕೊಳ್ಳಬಲ್ಲ ಪೋಷಕರಿಗೆ ಇದು ರಕ್ಷಣೆ. ಆದರೆ ಊರಿಗೊಂದೇ ಶಾಲೆ ಇರುವೆಡೆ ಆಯ್ಕೆಯ ಹಕ್ಕು ಕಾಗದದಲ್ಲೇ ಉಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ‘ಸಾಧ್ಯವಾದಷ್ಟು’ ಮಾತೃಭಾಷೆಯಲ್ಲಿ ಬೋಧನೆ ಎನ್ನುತ್ತದೆಯಷ್ಟೆ.

ಪರಿಹಾರವೇನು?
ಒಡಿಶಾ ರಾಜ್ಯವು ಬುಡಕಟ್ಟು ಮಕ್ಕಳಿಗೆ ಮನೆಮಾತಿನಲ್ಲಿ ಕಲಿಕೆ ಆರಂಭಿಸಿ, ಹಂತಹಂತವಾಗಿ ರಾಜ್ಯಭಾಷೆಗೆ ಕರೆದೊಯ್ಯುವ ಪದ್ಧತಿ ಅಳವಡಿಸಿಕೊಂಡಿದೆ. ಲಂಬಾಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದು. ಮೊದಲೆರಡು ತರಗತಿಗಳಿಗೆ ಆ ಭಾಷೆ ಬಲ್ಲ ಶಿಕ್ಷಕರಿದ್ದರೆ, ಮುಂದೆ ಮಗು ಕನ್ನಡವನ್ನೂ ಅಂಜಿಕೆಯಿಲ್ಲದೆ ಕಲಿತೀತು.