ಹಳೆಯ ಮನೆಯ ಪಡಸಾಲೆಗೆ ಸ್ಮಾರ್ಟ್ ಸ್ವಿಚ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಕಡೆಯ ಹಳೆಯ ಮನೆಗಳು ಕರಾವಳಿಯ ನಮ್ಮ ಹೆಂಚಿನ ಮನೆಗಳಂತಲ್ಲ. ದಪ್ಪನೆಯ ಕಲ್ಲು-ಮಣ್ಣಿನ ಗೋಡೆ, ಮರದ ತೊಲೆ-ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ಮುಂಬಾಗಿಲಿನಿಂದ ಹಿತ್ತಲಿನವರೆಗೆ ಒಂದರ ಹಿಂದೊಂದು ಕೋಣೆ. ಕಿಟಕಿಗಳು ಕಡಿಮೆಯಿರುವುದರಿಂದ ಪಡಸಾಲೆಯಲ್ಲೂ ಮಾಳಿಗೆಯ ಮೆಟ್ಟಿಲಲ್ಲೂ ಹಗಲು ಹೊತ್ತಿನಲ್ಲೇ ದೀಪ ಬೇಕಾಗುತ್ತದೆ. ಅದಕ್ಕಾಗಿ ಒಂದೇ ದೀಪವನ್ನು ಎರಡು ಅಥವಾ ಮೂರು ಕಡೆಗಳಿಂದ ಹಚ್ಚಿ ಆರಿಸುವ ವ್ಯವಸ್ಥೆಯನ್ನು ಹಲವರು ಮಾಡಿಸಿಕೊಂಡಿದ್ದಾರೆ.

ಪುಣೆ, ಬೆಂಗಳೂರು ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳು, ರಾತ್ರಿ ಎದ್ದು ಓಡಾಡುವ ವಯಸ್ಸಾದ ತಂದೆತಾಯಿಗೆ ಅನುಕೂಲವಾಗಲೆಂದು ಈಗ ಸ್ಮಾರ್ಟ್ ಸ್ವಿಚ್‌ಗಳನ್ನು ತಂದು ಹಾಕಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಒಂದೇ ಕಡೆ ಸ್ವಿಚ್ ಇರುವ ಕೋಣೆಗೆ ಹೊಂದುವ ಉಪಕರಣ ಇಂತಹ ಪಡಸಾಲೆಗೆ ಹಾಗೆಯೇ ಹೊಂದುವುದಿಲ್ಲ. ತಪ್ಪಾಗಿ ಜೋಡಿಸಿದರೆ ಫೋನಿನಿಂದ ದೀಪ ಹತ್ತುತ್ತದೆ, ಗೋಡೆಯ ಸ್ವಿಚ್ ಮಾತ್ರ ಕೆಲಸ ಮಾಡುವುದಿಲ್ಲ. ಫೋನ್ ಬಳಸಲು ಬಾರದ ಹಿರಿಯರು ಕತ್ತಲೆಯಲ್ಲೇ ಉಳಿಯುತ್ತಾರೆ. ಆದ್ದರಿಂದ ಈ ಕೆಲಸದಲ್ಲಿ ಮೊದಲು ನೋಡಬೇಕಾದದ್ದು ಸ್ವಿಚ್ಚನ್ನಲ್ಲ, ಗೋಡೆಯೊಳಗಿನ ತಂತಿಯನ್ನು.

ಹಳೆಯ ವ್ಯವಸ್ಥೆ ಹೇಗಿದೆ?

ಎರಡು ಕಡೆಯ ಸ್ವಿಚ್ಚಿಗೆ ಟೂ-ವೇ ಸ್ವಿಚ್ ಎನ್ನುತ್ತಾರೆ. ಇದರಲ್ಲಿ ಮೂರು ತಿರುಪುಗಳಿರುತ್ತವೆ. ಫೇಸ್ ತಂತಿ ಮೊದಲ ಸ್ವಿಚ್ಚಿನ ನಡುವಿನ ತಿರುಪಿಗೆ ಬರುತ್ತದೆ. ಅಲ್ಲಿಂದ ಜೋಡಿ ತಂತಿಗಳು ಎರಡನೆಯ ಸ್ವಿಚ್ಚಿಗೆ ಹೋಗುತ್ತವೆ. ಎರಡನೆಯದರ ನಡುವಿನ ತಿರುಪಿನಿಂದ ದೀಪಕ್ಕೆ ತಂತಿ ಹೊರಡುತ್ತದೆ. ಮೂರನೆಯ ಕಡೆಯಿಂದಲೂ ದೀಪ ಹಚ್ಚಬೇಕಾದರೆ ಜೋಡಿ ತಂತಿಗಳ ನಡುವೆ ನಾಲ್ಕು ತಿರುಪಿನ ಇಂಟರ್‌ಮೀಡಿಯೇಟ್ ಸ್ವಿಚ್ ಹಾಕುತ್ತಾರೆ. ನ್ಯೂಟ್ರಲ್ ತಂತಿ ನೇರವಾಗಿ ದೀಪಕ್ಕೆ ಹೋಗುತ್ತದೆ.

ತೊಡಕು ಇರುವುದು ಇಲ್ಲಿಯೇ. ಬಹುತೇಕ ಸ್ಮಾರ್ಟ್ ಸ್ವಿಚ್‌ಗಳಿಗೆ ಸದಾಕಾಲ ಫೇಸ್ ಮತ್ತು ನ್ಯೂಟ್ರಲ್ ಎರಡೂ ಬೇಕು. ಕೋಣೆಯ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಅಲ್ಲಿ ನ್ಯೂಟ್ರಲ್ ಸಿಗುತ್ತದೆ. ಮೆಟ್ಟಿಲಿನ ಬಳಿಯ ಒಂಟಿ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಮೊದಲು ಅಪಾಯವನ್ನು ಪತ್ತೆಹಚ್ಚಿ

ಹಿಂದೆ ತಂತಿ ಉಳಿಸಲೆಂದು ಕೆಲವೆಡೆ ಎರಡೂ ಸ್ವಿಚ್ಚುಗಳಿಗೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕೊಟ್ಟು, ಸ್ವಿಚ್ಚುಗಳ ನಡುವಿನ ತಿರುಪುಗಳಿಂದ ದೀಪಕ್ಕೆ ತಂತಿ ಎಳೆಯುವ ಪದ್ಧತಿಯಿತ್ತು. ಇದರಲ್ಲಿ ದೀಪ ಆರಿದ್ದಾಗಲೂ ಹೋಲ್ಡರಿನ ಎರಡೂ ಕಡ್ಡಿಗಳಲ್ಲಿ 230 ವೋಲ್ಟ್ ಇರಬಹುದು. ಬಲ್ಬ್ ಬದಲಿಸಲು ಕೈಹಾಕಿದವರ ಪ್ರಾಣಕ್ಕೇ ಕುತ್ತು. ಸ್ವಿಚ್ಚುಗಳನ್ನು ಎಲ್ಲ ಸ್ಥಾನಗಳಲ್ಲೂ ಇಟ್ಟು ಎಲೆಕ್ಟ್ರಿಶಿಯನ್ ಹೋಲ್ಡರನ್ನು ಪರೀಕ್ಷಿಸಬೇಕು. ಈ ದೋಷ ಕಂಡರೆ ತಂತಿಯನ್ನು ಸರಿಪಡಿಸಿದ ಬಳಿಕವೇ ಮುಂದಿನ ಮಾತು.

ಅಂತೆಯೇ ತಂತಿಯ ರಬ್ಬರ್ ಹೊದಿಕೆ ಮುಟ್ಟಿದರೆ ಉದುರುವಂತಿದ್ದರೆ ಅಥವಾ ಹಳೆಯ ಅಲ್ಯೂಮಿನಿಯಂ ತಂತಿ ತಿರುಪಿನ ಬಳಿ ಮುರಿಯುವಂತಿದ್ದರೆ ಆ ಸಾಲಿಗೆ ಹೊಸ ತಾಮ್ರದ ತಂತಿ ಹಾಕಿಸಬೇಕು. ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಿ, ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು ಒಳ್ಳೆಯದು. ಸ್ಮಾರ್ಟ್ ಸ್ವಿಚ್ಚಿಗಿಂತ ಮೊದಲು ಹಣ ಖರ್ಚಾಗಬೇಕಾದದ್ದು ಇದಕ್ಕೆ.

ಹೊಂದುವ ವಿಧಾನ

ನಮಗೆ ಸೂಕ್ತವೆಂದು ಕಾಣುವುದು ಸ್ವಿಚ್ಚಿನ ಹಿಂದೆ ಅಡಗಿಸುವ ಸಣ್ಣ ರಿಲೇ ಮಾಡ್ಯೂಲ್. ಅದನ್ನು ದೀಪಕ್ಕೆ ತಂತಿ ಹೊರಡುವ ಕೊನೆಯ ಬಾಕ್ಸಿನಲ್ಲಿ ಇಡಬೇಕು. ಮೊದಲ ಬಾಕ್ಸಿನಲ್ಲಿ ಫೇಸನ್ನು ಜೋಡಿ ತಂತಿಗಳ ಪೈಕಿ ಒಂದಕ್ಕೆ ಶಾಶ್ವತವಾಗಿ ಸೇರಿಸಿದರೆ ಮಾಡ್ಯೂಲಿಗೆ ಅದರಿಂದ ವಿದ್ಯುತ್ ಸಿಗುತ್ತದೆ. ಇನ್ನೊಂದು ತಂತಿ ಸೂಚನೆಯನ್ನು ಒಯ್ಯುತ್ತದೆ. ಹಳೆಯ ಟೂ-ವೇ ಮತ್ತು ಇಂಟರ್‌ಮೀಡಿಯೇಟ್ ಸ್ವಿಚ್ಚುಗಳನ್ನು ತೆಗೆದು, ಪ್ರತಿಯೊಂದು ಕಡೆಯೂ ಈ ಎರಡು ತಂತಿಗಳ ನಡುವೆ ಕರೆಗಂಟೆಗೆ ಬಳಸುವಂತಹ ಬೆಲ್ ಸ್ವಿಚ್ ಹಾಕಬೇಕು. ಎಲ್ಲಿ ಒತ್ತಿದರೂ ದೀಪ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ಹಿರಿಯರ ಕೈಗೆ ಗೋಡೆಯ ಮೇಲೆ ಗುಂಡಿ ಮೊದಲಿನ ಜಾಗದಲ್ಲೇ ಇರುತ್ತದೆ.

ಕೊನೆಯ ಬಾಕ್ಸಿನಲ್ಲಿ ನ್ಯೂಟ್ರಲ್ ಇಲ್ಲದಿದ್ದರೆ ಅದೇ ದೀಪದ ನ್ಯೂಟ್ರಲಿನಿಂದ ಒಂದು ತಂತಿ ಎಳೆಯಬೇಕು. ಗೋಡೆಯ ಮೇಲೆಯೇ ಪಟ್ಟಿಯಲ್ಲಿ ತಂತಿ ಸಾಗುವ ಹಳೆಯ ಮನೆಗಳಲ್ಲಿ ಇದು ಕಷ್ಟವಲ್ಲ, ಗೋಡೆ ಕೊರೆಯುವ ಅಗತ್ಯವೂ ಬರುವುದಿಲ್ಲ. ಆದರೆ ಬೇರೆ ಸಾಲಿನ ನ್ಯೂಟ್ರಲನ್ನು ಎಂದಿಗೂ ಬೆರೆಸಬಾರದು. ಒಂದು ಸಾಲಿನ ಫ್ಯೂಸ್ ತೆಗೆದ ಮೇಲೂ ಮತ್ತೊಂದರಿಂದ ವಿದ್ಯುತ್ ಬರುವ ಅಪಾಯವಿದೆ, ಆರ್‌ಸಿಸಿಬಿಯೂ ಸುಮ್ಮನೆ ಟ್ರಿಪ್ ಆಗಬಹುದು. ಕೆಲವು ಮಾಡ್ಯೂಲ್‌ಗಳ ಸೂಚನಾ ತಿರುಪಿಗೆ ಫೇಸ್ ಕೊಟ್ಟರೆ ಅವು ಸುಟ್ಟುಹೋಗುತ್ತವೆ. ಆದುದರಿಂದ ಫೇಸ್ ತಡೆಯುವಂತಹದ್ದನ್ನೇ ಕೊಳ್ಳಬೇಕು.

ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚುಗಳೂ ದೊರೆಯುತ್ತವೆ. ಇವು ದೀಪದ ಮೂಲಕವೇ ಅಲ್ಪ ವಿದ್ಯುತ್ ಎಳೆದುಕೊಳ್ಳುವುದರಿಂದ ಸಣ್ಣ ಎಲ್‌ಇಡಿ ಬಲ್ಬುಗಳು ಆರಿಸಿದ ಮೇಲೂ ಮಿಣುಕಬಹುದು. ಹೋಲ್ಡರಿನಲ್ಲೂ ವಿದ್ಯುತ್ ಪೂರ್ಣವಾಗಿ ನಿಲ್ಲುವುದಿಲ್ಲ. ಇಂತಹ ಮನೆಯಲ್ಲಿ ಮೇನ್ ಆಫ್ ಮಾಡದೆ ಬಲ್ಬ್ ಬದಲಿಸಬಾರದು.

ಇನ್ನು ಕೆಲವು ಸೂಚನೆಗಳು

ಕರೆಂಟ್ ಹೋಗಿ ಬಂದಾಗ ದೀಪ ಹತ್ತಿರಬೇಕೋ ಆರಿರಬೇಕೋ ಎಂಬುದನ್ನು ಮಾಡ್ಯೂಲಿನಲ್ಲಿ ಮೊದಲೇ ನಿಗದಿ ಮಾಡಿರಿ. ಇನ್ವರ್ಟರ್ ಇದ್ದರೆ ಪಡಸಾಲೆಯ ದೀಪ ಅದರ ಸಾಲಿನಲ್ಲಿರಲಿ. ದಪ್ಪ ಕಲ್ಲಿನ ಗೋಡೆ ಮತ್ತು ಕಬ್ಬಿಣದ ಬಾಕ್ಸ್ ವೈ-ಫೈ ಸಂಕೇತವನ್ನು ತಗ್ಗಿಸುತ್ತವೆ. ಇಂತಹ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಕೆಲಸ ಮುಗಿದ ದಿನವೇ ರೌಟರನ್ನು ಆಫ್ ಮಾಡಿ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿರಿ. ಇಂಟರ್‌ನೆಟ್ ಇಲ್ಲದೆಯೂ ದೀಪ ಹತ್ತಬೇಕು.

ಮಾಡ್ಯೂಲ್ ಸುಮ್ಮನಿರುವಾಗಲೂ ವಿದ್ಯುತ್ ಬಳಸುತ್ತದೆ. ಒಂದಕ್ಕೆ 1 ವಾಟ್ ಎಂದು ಹಿಡಿದರೆ 10 ಮಾಡ್ಯೂಲ್‌ಗಳಿಗೆ 30 ದಿನಗಳಲ್ಲಿ 7.2 ಯೂನಿಟ್ ಆಗುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ಗಳ ಒಳಗೆ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ಮಿತಿ ನಿಗದಿಯಾಗಿರುವುದರಿಂದ ಇದೂ ಲೆಕ್ಕದಲ್ಲಿರಲಿ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಂತೆ 250 ವೋಲ್ಟ್ ಮೀರದ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವುದನ್ನು ಬಿಟ್ಟರೆ ವೈರಿಂಗಿನಲ್ಲಿ ಯಾವುದೇ ಮಾರ್ಪಾಡನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮೇಲೆ ವಿವರಿಸಿದ್ದು ಮಾರ್ಪಾಡಿನ ಕೆಲಸ. ಮೀಟರಿನವರೆಗಿನ ಭಾಗ ಹೆಸ್ಕಾಂ ಸಿಬ್ಬಂದಿಗೆ ಸೇರಿದ್ದು.

ಇಷ್ಟೆಲ್ಲ ಬೇಡವೆನ್ನುವವರಿಗೆ ಸುಲಭದ ದಾರಿಯೂ ಇದೆ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ, ಪ್ಲಗ್ ಪಾಯಿಂಟ್ ಇರುವಲ್ಲಿ, ಜನರ ಚಲನೆ ಕಂಡಾಗ ತಾನಾಗಿ ಹತ್ತುವ ಸಣ್ಣ ಸೆನ್ಸರ್ ದೀಪವನ್ನು ಸಿಕ್ಕಿಸಿದರೆ ಸಾಕು, ಹಳೆಯ ಸ್ವಿಚ್ಚುಗಳು ಹಾಗೆಯೇ ಇರಲಿ. ದೂರದಲ್ಲಿರುವ ಮಕ್ಕಳು ಯಾವುದನ್ನು ಆರಿಸಿಕೊಂಡರೂ, ಆ ಮನೆಯಲ್ಲಿ ನಿತ್ಯ ಓಡಾಡುವ ಹಿರಿಯರನ್ನು ಕೇಳಿ, ಅವರ ಕೈಯಿಂದಲೇ ಒತ್ತಿಸಿ ನೋಡಿದ ನಂತರ ಕೆಲಸ ಮುಗಿಯಿತೆಂದು ತಿಳಿಯುವುದು ಒಳಿತು ಎಂಬುದು ನಮ್ಮ ಅನಿಸಿಕೆ.