ಸೌಟು ಹಿಡಿದ ಭೀಮ, ಗಂಜಿ ಕಾಯಿಸಲಾರದ ಮಗ

ಮದುವೆ ಮನೆಯಲ್ಲಿ ಐನೂರು ಜನರಿಗೆ ಹುಳಿ, ಸಾರು, ಪಾಯಸ ಬೇಯಿಸುವವರು ಗಂಡಸರು. ದೇವಸ್ಥಾನದ ಪಾಕಶಾಲೆಯಲ್ಲಿ ಹಂಡೆಗಟ್ಟಲೆ ಅನ್ನ ಬಸಿಯುವವರೂ ಗಂಡಸರು. ಹೋಟೆಲಿನ ಕಾವಲಿಯ ಮೇಲೆ ದೋಸೆ ಹುಯ್ಯುವವರೂ ಬಹುಮಟ್ಟಿಗೆ ಅವರೇ. ಆದರೆ ಮನೆಯಲ್ಲಿ ತಾಯಿ ಎರಡು ದಿನ ಜ್ವರ ಬಂದು ಮಲಗಿದರೆ, ಇಪ್ಪತ್ತು ವರ್ಷದ ಮಗ ಒಂದು ಲೋಟ ಗಂಜಿಗಾಗಿ ಪಕ್ಕದ ಮನೆಯ ಬಾಗಿಲು ತಟ್ಟುತ್ತಾನೆ. ಅವನ ಕೈಯಲ್ಲಿ ಬಲವಿಲ್ಲವೆಂದಲ್ಲ, ತಲೆಯಲ್ಲಿ ಬುದ್ಧಿಯಿಲ್ಲವೆಂದೂ ಅಲ್ಲ. ಯಾರೂ ಕಲಿಸಲಿಲ್ಲ, ಅಷ್ಟೆ. ಊರಿಗೆಲ್ಲ ಅಡುಗೆ ಮಾಡಬಲ್ಲ ಗಂಡಸು ತನ್ನ ಮನೆಯ ಒಲೆಯ ಮುಂದೆ ಮಾತ್ರ ಅಪರಿಚಿತನಾದದ್ದು ಹೇಗೆ?

ಗಂಡಸಿಗೂ ಅಡುಗೆಗೂ ಇರುವ ನಂಟು ಹೊಸದೇನಲ್ಲ. ಒಳ್ಳೆಯ ಅಡುಗೆಯನ್ನು ಇಂದಿಗೂ ನಳಪಾಕ, ಭೀಮಪಾಕ ಎಂದೇ ಹೊಗಳುತ್ತಾರೆ. ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಆಶ್ರಯದಲ್ಲಿದ್ದಾಗ, ದಮಯಂತಿ ಗಂಡನ ಗುರುತು ಹಿಡಿದದ್ದಕ್ಕೆ ಅವನ ಅಡುಗೆಯ ರುಚಿಯೂ ಒಂದು ಕಾರಣ. ಭೀಮ ವಿರಾಟನ ಅರಮನೆಯಲ್ಲಿ ಒಂದು ವರ್ಷ ಬಾಣಸಿಗನಾಗಿ ಸೌಟು ಹಿಡಿದ. ಇಬ್ಬರೂ ಆ ಕೆಲಸ ಮಾಡಿದ್ದು ವೇಷ ಮರೆಸಿಕೊಂಡಿದ್ದಾಗ ಎಂಬುದು ಗಮನಿಸತಕ್ಕ ಅಂಶ. ಆಪತ್ಕಾಲದಲ್ಲಿ ಕಾಪಾಡಿದ ವಿದ್ಯೆ ಅದು. ಸಿಂಹಾಸನಕ್ಕೆ ಮರಳಿದ ಮೇಲೆ ಸೌಟಿನ ಸುದ್ದಿ ಇಲ್ಲ.

ಕನ್ನಡದಲ್ಲಿ ಅಡುಗೆಯ ಬಗ್ಗೆ ಬರೆದ ಹಳೆಯ ಲೇಖಕರೂ ಗಂಡಸರೇ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ರಚಿಸಿದ 'ಲೋಕೋಪಕಾರ'ದಲ್ಲಿ ಕೃಷಿ, ವೈದ್ಯ, ಜಲಶೋಧನೆಗಳ ಜೊತೆಗೆ ಪಾಕಶಾಸ್ತ್ರಕ್ಕೂ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಬಗೆಬಗೆಯ ಭಕ್ಷ್ಯಗಳನ್ನು ವಿವರಿಸುತ್ತದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಬರೆದ. ಅಡುಗೆ ಗಂಡಸಿಗೆ ಒಗ್ಗದ ಕೆಲಸವೆಂದು ಈ ಪರಂಪರೆ ಎಂದೂ ಹೇಳಲಿಲ್ಲ. ಆದರೆ ಅಲ್ಲಿಯ ಅಡುಗೆ ಅರಮನೆಯದು, ಹಬ್ಬದ್ದು. ಪ್ರತಿನಿತ್ಯ ಮನೆಯಲ್ಲಿ ಕುದಿಯುವ ಸಾರಿನ ಮಾತು ಬೇರೆ.

ಮಾಣಿಯ ದಾರಿ

ಇಪ್ಪತ್ತನೆಯ ಶತಮಾನದಲ್ಲಿ ಕರಾವಳಿಯ ಹುಡುಗರು ಈ ಕಥೆಗೆ ಹೊಸದೊಂದು ಅಧ್ಯಾಯ ಸೇರಿಸಿದರು. ಬಡತನ ತಾಳಲಾರದೆ ಉಡುಪಿ, ಕುಂದಾಪುರದ ಕಡೆಯ ಎಷ್ಟೋ ಹುಡುಗರು ಬೆಂಗಳೂರು, ಮದರಾಸು, ಮುಂಬಯಿಯ ಹೋಟೆಲುಗಳನ್ನು ಸೇರಿದರು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಹೋಟೆಲು, ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂಥ ವಲಸೆಯ ಫಲಗಳು. ಲೋಟ ತೊಳೆಯುವುದರಿಂದ ಶುರುವಾಗಿ, ಮೇಜು ಒರೆಸಿ, ಹಿಟ್ಟು ರುಬ್ಬಿ, ಮಾಣಿಯಾಗಿ, ಅಡುಗೆಯವನಾಗಿ, ಅದೃಷ್ಟವಿದ್ದರೆ ಗಲ್ಲಾದ ಮುಂದೆ ಕೂರುವವರೆಗೆ ಅವನ ದಾರಿ. ಹಗಲು ದುಡಿದ ಹುಡುಗರಿಗೆಂದೇ ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳು ನಡೆದವು. ಎಳೆಯ ವಯಸ್ಸಿನ ಆ ದುಡಿಮೆ ಹೊಗಳತಕ್ಕದ್ದಲ್ಲ. ಆದರೆ ಒಂದು ಮಾತನ್ನು ಅದು ಸಾಬೀತು ಮಾಡಿತು. ಗುಡಿಸುವುದು, ತೊಳೆಯುವುದು, ಬೇಯಿಸುವುದು ಗಂಡುಮಕ್ಕಳ ಕೈಗೆ ಬಾರದ ವಿದ್ಯೆಗಳಲ್ಲ.

ಉತ್ತರ ಕರ್ನಾಟಕದಲ್ಲಿ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ. ಓದಲೆಂದೋ ನೌಕರಿಗೆಂದೋ ಧಾರವಾಡ, ಹುಬ್ಬಳ್ಳಿಗೆ ಬಂದ ಹುಡುಗರನ್ನು ಸಾಕಿದ್ದು ಖಾನಾವಳಿಗಳು. ಅವುಗಳಲ್ಲಿ ರೊಟ್ಟಿ ಬಡಿದವರು ಹೆಚ್ಚಾಗಿ ಹೆಂಗಸರೇ. ಹಳೆಯ ಮೈಸೂರಿನ ಕಡೆ ಬಡ ವಿದ್ಯಾರ್ಥಿಗಳು ವಾರಾನ್ನ ಹಚ್ಚಿಕೊಂಡು, ದಿನಕ್ಕೊಂದು ಮನೆಯಂತೆ ಉಂಡು ಓದಿದರು. ಮನೆ ಬಿಟ್ಟ ಹುಡುಗನಿಗೂ ಎಲ್ಲೋ ಒಬ್ಬ ತಾಯಿ ಬಡಿಸುತ್ತಾಳೆಂಬ ಭರವಸೆ ಆಗ ಇತ್ತು.

ಈ ಭರವಸೆಯೇ ಕಲಿಸದಿರುವುದಕ್ಕೆ ಕಾರಣವಾಯಿತು. ಮಗಳು ನಾಳೆ ಇನ್ನೊಂದು ಮನೆ ಸೇರುವವಳು, ಅಲ್ಲಿ ತವರಿನ ಹೆಸರು ಕೆಡಬಾರದು ಎಂದು ಹತ್ತನೆಯ ವಯಸ್ಸಿಗೇ ಅವಳ ಕೈಗೆ ಪೊರಕೆ ಬಂತು. ಮಗ ಇರುವ ಮನೆಯಲ್ಲೇ ಇರುವವನು. ಮೊದಲು ತಾಯಿ, ಅನಂತರ ಹೆಂಡತಿ, ಕಡೆಗೆ ಸೊಸೆ ಬಡಿಸುತ್ತಾರೆ. ಅವನು ಅಡುಗೆಮನೆಗೆ ಬಂದರೂ 'ನಿನಗ್ಯಾಕೋ ಇದೆಲ್ಲ, ಹೋಗಿ ಓದಿಕೋ' ಎಂದು ಕಳಿಸಿದವಳು ಬಹಳ ಸಲ ತಾಯಿಯೇ. ಅವಿಭಕ್ತ ಕುಟುಂಬದಲ್ಲಿ ಈ ಲೆಕ್ಕ ಹೇಗೋ ನಡೆಯಿತು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವ ಸಂಸಾರದಲ್ಲಿ ಅದು ನಡೆಯುವುದಿಲ್ಲ.

ಅಂಕಿಗಳು ಹೇಳುವುದು

ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಸರ್ಕಾರದ ಲೆಕ್ಕವೇ ಇದೆ. ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ದೇಶದಾದ್ಯಂತ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಆರು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಶೇಕಡಾ 81.2, ಗಂಡಸರು ಶೇಕಡಾ 26.1. ಹೀಗೆ ಕೆಲಸ ಮಾಡುವವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಸುಮಾರು ಐದು ಗಂಟೆ ವ್ಯಯಿಸಿದರೆ, ಗಂಡಸರು ವ್ಯಯಿಸಿದ್ದು 97 ನಿಮಿಷ. ಲೆಕ್ಕ ಆರನೆಯ ವಯಸ್ಸಿನಿಂದ ಶುರುವಾಗುತ್ತದೆ ಎಂಬುದನ್ನು ಮರೆಯಬಾರದು. ಅಣ್ಣ ಆಟಕ್ಕೆ ಹೋದಾಗ ಪಾತ್ರೆ ಬೆಳಗುತ್ತ ಉಳಿದ ತಂಗಿಯ ಓದಿನ ಹೊತ್ತೂ ಅದರಲ್ಲಿ ಸೇರಿದೆ.

ಶಾಲೆಗಳೂ ಬಹುಕಾಲ ಇದೇ ಗೆರೆಯನ್ನು ಎಳೆದವು. 1952-53ರ ಮುದಲಿಯಾರ್ ಆಯೋಗ ಹುಡುಗಿಯರ ಶಾಲೆಗಳಲ್ಲೂ ಸಹಶಿಕ್ಷಣ ಶಾಲೆಗಳಲ್ಲೂ ಗೃಹವಿಜ್ಞಾನಕ್ಕೆ ವಿಶೇಷ ಸೌಕರ್ಯ ಬೇಕೆಂದಿತು. 1960ರ ದಶಕದಲ್ಲಿ ಹಂಸಾ ಮೆಹ್ತಾ ಸಮಿತಿ ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಪಠ್ಯಕ್ರಮ ಸಲ್ಲದೆಂದು ಹೇಳಿತು. 1964-66ರ ಕೊಠಾರಿ ಆಯೋಗ ಅದನ್ನು ಒಪ್ಪಿ, ಗೃಹವಿಜ್ಞಾನವನ್ನು ಹುಡುಗಿಯರಿಗೆ ಕಡ್ಡಾಯ ಮಾಡಬಾರದೆಂದಿತು. ಆದರೆ ಕಡ್ಡಾಯ ತಪ್ಪಿಸುವುದು ಬೇರೆ, ಹುಡುಗರಿಗೂ ಕಲಿಸುವುದು ಬೇರೆ. ಜಪಾನ್ ಎರಡನೆಯ ದಾರಿ ಹಿಡಿಯಿತು. ಅಲ್ಲಿ 1993ರಿಂದ ಕಿರಿಯ ಪ್ರೌಢಶಾಲೆಗಳಲ್ಲಿ, 1994ರಿಂದ ಹಿರಿಯ ಪ್ರೌಢಶಾಲೆಗಳಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ಗೃಹವಿಜ್ಞಾನ ಕಡ್ಡಾಯವಾಯಿತು. ನೆರೆಯ ಕೇರಳ 2024ರಲ್ಲಿ ಹೊರತಂದ ಮೂರನೆಯ ತರಗತಿಯ ಪಠ್ಯದಲ್ಲಿ ಅಪ್ಪ ತೆಂಗಿನಕಾಯಿ ತುರಿಯುವ ಚಿತ್ರವಿದೆ. ಚಿತ್ರ ಚಿಕ್ಕದು, ಆದರೆ ಮಗು ಅದನ್ನು ನೋಡಿಯೇ 'ಹೀಗೂ ಉಂಟು' ಎಂದು ತಿಳಿಯುತ್ತದೆ.

ಸ್ವಾವಲಂಬನೆಯ ಪಾಠಕ್ಕೆ ಗಾಂಧೀಜಿಯ ಉದಾಹರಣೆ ಹಳೆಯದಾದರೂ ಸವೆದಿಲ್ಲ. ದಕ್ಷಿಣ ಆಫ್ರಿಕದಲ್ಲಿ ಬ್ಯಾರಿಸ್ಟರ್ ಆಗಿದ್ದಾಗ ಅವರು ತಮ್ಮ ಬಟ್ಟೆ ತಾವೇ ಒಗೆಯಲು ಹೊರಟರು. ಮೊದಲ ಸಲ ಕಾಲರಿಗೆ ಹಾಕಿದ ಗಂಜಿ ಕೋರ್ಟಿನಲ್ಲೇ ಉದುರಿತು. ಬಿಳಿಯ ಕ್ಷೌರಿಕ ಕೂದಲು ಕತ್ತರಿಸಲು ಒಪ್ಪದಿದ್ದಾಗ ತಾವೇ ಕತ್ತರಿಸಿಕೊಂಡರು, ಹಿಂಭಾಗ ಕೆಟ್ಟಿತು. ಎರಡು ಸಲವೂ ವಕೀಲ ಮಿತ್ರರು ನಕ್ಕರು. ಆತ್ಮಕಥೆಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಮೊದಲ ಪ್ರಯತ್ನ ಕೆಡುವುದು ಸಹಜ, ಕೆಟ್ಟಿತೆಂದು ಬಿಡಬಾರದು ಎಂಬುದೇ ಇಲ್ಲಿಯ ಪಾಠ.

ಕಲಿಸುವ ಬಗೆ

ಮನೆಯಲ್ಲಿ ಕಲಿಸುವಾಗಲೂ ಇದೇ ತಾಳ್ಮೆ ಬೇಕು. ಐದಾರು ವರ್ಷದ ಮಗು ಉಂಡ ತಟ್ಟೆಯನ್ನು ಬಚ್ಚಲಿಗೆ ಇಡಬಲ್ಲದು, ಒಗೆದ ಬಟ್ಟೆಯಲ್ಲಿ ತನ್ನದನ್ನು ಆರಿಸಿ ಮಡಿಸಬಲ್ಲದು. ಎಂಟು ಒಂಬತ್ತಕ್ಕೆ ಹಾಸಿಗೆ ಸುತ್ತುವುದು, ಕಸ ಗುಡಿಸುವುದು, ಅವರೆಕಾಳು ಬಿಡಿಸುವುದು ಬರುತ್ತದೆ. ಹನ್ನೆರಡರ ಹೊತ್ತಿಗೆ, ದೊಡ್ಡವರು ಪಕ್ಕದಲ್ಲಿದ್ದರೆ, ಗ್ಯಾಸ್ ಹಚ್ಚಿ ಆರಿಸುವುದನ್ನು, ಒಂದು ಪಾವು ಅಕ್ಕಿಗೆ ಎಷ್ಟು ನೀರೆಂಬುದನ್ನು ಕಲಿಯಬಹುದು. ಹದಿನೈದಕ್ಕೆ ಅನ್ನ, ಸಾರು, ಪಲ್ಯ ಮಾಡಿ, ಒಲೆಯ ಕಟ್ಟೆ ಒರೆಸಿ ಹೊರಬರುವಂತಾದರೆ, ಅವನು ಯಾವ ಊರಿಗೆ ಹೋದರೂ ಉಪವಾಸ ಬೀಳುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಸರಿಯಾಗಿ ಹೊಂದುತ್ತದೆ.

ಒಂದು ಎಚ್ಚರ ಅಗತ್ಯ. ಮಗ 'ಅಮ್ಮನಿಗೆ ಸಹಾಯ' ಮಾಡಿದ ಎಂದು ಹೊಗಳಿದರೆ, ಕೆಲಸ ಅಮ್ಮನದೇ ಎಂದಾಯಿತು. ಮಗಳಿಗೆ ಸಿಗದ ಶಹಭಾಸ್ ಮಗನಿಗೂ ಬೇಡ. ಹೇಳಿದಾಗ ಮಾಡುವ ಕೆಲಸಕ್ಕಿಂತ ಹೊಣೆ ಹೊತ್ತು ಮಾಡುವ ಕೆಲಸ ದೊಡ್ಡದು. ರಾತ್ರಿಯ ಪಾತ್ರೆ ಅವನದೆಂದರೆ, ಸೋಪು ಮುಗಿದದ್ದನ್ನು ಗಮನಿಸುವುದೂ ಅವನದೇ. ಇವೆಲ್ಲಕ್ಕಿಂತ ಬೇಗ ಕಲಿಸುವುದು ತಂದೆಯ ಕೈ. ಉಂಡ ತಟ್ಟೆಯನ್ನು ಅಪ್ಪ ತೊಳೆಯುವ ಮನೆಯಲ್ಲಿ ಮಗನಿಗೆ ಉಪದೇಶ ಬೇಕಿಲ್ಲ.

2020ರ ಮಾರ್ಚ್ 25ರಿಂದ ದೇಶ ಬಾಗಿಲು ಹಾಕಿದಾಗ ಮೆಸ್ಸು, ಹೋಟೆಲು ಮುಚ್ಚಿದವು, ಮನೆಗೆಲಸದವರು ಬರಲಾಗಲಿಲ್ಲ. ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಕೊಂಡ ಎಷ್ಟೋ ಯುವಕರು ಊರಿನ ತಾಯಂದಿರಿಗೆ ಫೋನು ಹಚ್ಚಿ ಸಾರಿಗೆ ಹುಣಸೆಹಣ್ಣು ಎಷ್ಟೆಂದು ಕೇಳಿ ಕಲಿತರು. ನಳನಿಗೂ ಭೀಮನಿಗೂ ಒದಗಿದಂತೆ ಆಪತ್ಕಾಲದಲ್ಲಿ ಆದ ಕಲಿಕೆ ಅದು. ಬಾಗಿಲು ತೆರೆದ ಮೇಲೂ ಸೌಟು ಕೆಳಗಿಡದವರಿಗೆ ಅದು ಉಳಿದಿದೆ.

ಮುಪ್ಪಿನಲ್ಲಿ ಹೆಂಡತಿಯನ್ನು ಕಳೆದುಕೊಂಡು, ಕಾಫಿಪುಡಿಯ ಡಬ್ಬ ಯಾವುದೆಂದು ತಿಳಿಯದೆ ಅಡುಗೆಮನೆಯಲ್ಲಿ ನಿಂತ ಹಿರಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ದುಃಖಕ್ಕೆ ಅಸಹಾಯಕತೆಯೂ ಸೇರಿರುತ್ತದೆ. ಅವರಿಗೆ ಯಾರೂ ಕೆಟ್ಟದ್ದು ಬಯಸಿರಲಿಲ್ಲ; ಮುದ್ದಿನಿಂದಲೇ ಹಾಗೆ ಬೆಳೆಸಿದ್ದರು. ಇಂದು ಮಗನ ಕೈಗೆ ಪೊರಕೆ ಕೊಡುವ ತಾಯಿ ಅವನ ಮೇಲಿನ ಮಮತೆಯನ್ನು ಕಡಿಮೆ ಮಾಡಿಕೊಳ್ಳುತ್ತಿಲ್ಲ. ತಾನಿಲ್ಲದ ದಿನಕ್ಕೂ ಅವನ ಊಟದ ಏರ್ಪಾಡು ಮಾಡುತ್ತಿದ್ದಾಳೆ.